ಆ ಒಂದು ವಾಕ್ಯವನ್ನು ತಿದ್ದಿ: ತಳಿವಿಜ್ಞಾನದ ಪಠ್ಯಪುಸ್ತಕ ರಚಿಸುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ವೈದ್ಯಕೀಯ ಮತ್ತು ಜೀವವಿಜ್ಞಾನ ವಿದ್ಯಾರ್ಥಿಗಳಿಗಾಗಿ ತಳಿವಿಜ್ಞಾನದ ಪಠ್ಯಗಳನ್ನು ಬರೆಯುವ, ಪರಿಷ್ಕರಿಸುವ ಹಾಗೂ ಆ ಪಠ್ಯಗಳನ್ನು ಆಧರಿಸಿ ಪ್ರಶ್ನೆಪತ್ರಿಕೆ, ಮಾದರಿ ಉತ್ತರಗಳನ್ನು ಸಿದ್ಧಪಡಿಸುವ ಎಲ್ಲ ಮಾನ್ಯರಿಗೆ.

ವಿಷಯ: ಟ್ರೈಸೋಮಿ 21ರ, ಅಂದರೆ ಡೌನ್ ಸಿಂಡ್ರೋಮ್‌ಗೆ ಕಾರಣವಾಗುವ, 21ನೆಯ ವರ್ಣತಂತು (ಕ್ರೋಮೋಸೋಮ್) ಎರಡರ ಬದಲು ಮೂರಿರುವ ಸ್ಥಿತಿಯ ಪತ್ತೆಯ ವಿವರಣೆಯಲ್ಲಿ ಡಾ. ಮಾರ್ಥ್ ಗೋಟಿಯೇ ಅವರ ಪಾತ್ರವನ್ನು ಸೇರಿಸುವ ಕುರಿತು.

ಮಾನ್ಯರೇ,

ಬಹಳ ವರ್ಷ ಜೀವವಿಜ್ಞಾನ ಕಲಿಸಿದವನು ನಾನು. ಈ ಪತ್ರವನ್ನು ದೂರಿನಿಂದಲ್ಲ, ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿದೆ. ಒಂದು ಪರೀಕ್ಷೆಯಲ್ಲಿ ಡೌನ್ ಸಿಂಡ್ರೋಮ್‌ಗೆ ಕಾರಣವಾದ ಹೆಚ್ಚುವರಿ ವರ್ಣತಂತುವನ್ನು ಪತ್ತೆ ಹಚ್ಚಿದವರು ಯಾರು, ಯಾವ ವರ್ಷ ಎಂಬ ಒಂದು ಅಂಕದ ಪ್ರಶ್ನೆಯಿತ್ತು. ನನ್ನ ಕೈಗೆ ಕೊಟ್ಟಿದ್ದ ಮಾದರಿ ಉತ್ತರದಲ್ಲಿ ಇದ್ದದ್ದು ಎರಡೇ ಪದ: ಲೆಜೂನ್, 1959. ಒಬ್ಬ ವಿದ್ಯಾರ್ಥಿನಿ ಮಾತ್ರ ಗೋಟಿಯೇ, ಟರ್ಪಿನ್ ಮತ್ತು ಲೆಜೂನ್ ಎಂದು ಮೂರು ಹೆಸರು ಬರೆದು, 1958ರಲ್ಲಿ ಕಂಡದ್ದು 1959ರಲ್ಲಿ ಪ್ರಕಟವಾಯಿತು ಎಂದು ಸೇರಿಸಿದ್ದಳು. ನಾನು ಮೊದಲ ಎರಡು ಹೆಸರುಗಳ ಕೆಳಗೆ ಕೆಂಪು ಗೆರೆ ಎಳೆದು ಅರ್ಧ ಅಂಕ ಕಳೆದೆ. ಆಕೆ ವಾದಿಸಲಿಲ್ಲ, ಮರುದಿನ, ತಾನು ಓದಿದ್ದ ಲೇಖನವೊಂದರ ಪ್ರತಿಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಅದು 2009ರಲ್ಲಿ, ಆ ಪತ್ತೆಯ ಐವತ್ತನೆಯ ವರ್ಷದಲ್ಲಿ, ಸ್ವತಃ ಮಾರ್ಥ್ ಗೋಟಿಯೇ ಅವರೇ ಫ್ರೆಂಚಿನಲ್ಲಿ ಬರೆದು ನಂತರ ಇಂಗ್ಲಿಷಿಗೆ ಅನುವಾದಗೊಂಡ ನೆನಪಿನ ಬರಹ. ಅದನ್ನು ಓದಿದ ಮೇಲೆ, ಮತ್ತು ಅದರ ಹಿಂದೆ ಮುಂದೆ ಸಿಕ್ಕಿದ್ದನ್ನೆಲ್ಲ ಓದಿದ ಮೇಲೆ, ನನ್ನ ಕೆಂಪು ಗೆರೆಯ ಬಗ್ಗೆ ನನಗೆ ನಾಚಿಕೆಯಾಯಿತು. ಆದರೆ ಆ ಗೆರೆಯನ್ನು ಎಳೆಸಿದ್ದು ನಿಮ್ಮ ಪುಸ್ತಕದ ಒಂದು ವಾಕ್ಯ. ಆದ್ದರಿಂದ ಈ ಪತ್ರ ನಿಮಗೆ.

ಆ ವಾಕ್ಯ ನಿಮಗೆ ಬಾಯಿಪಾಠವಾಗಿರುತ್ತದೆ. 1866ರಲ್ಲಿ ಜಾನ್ ಲ್ಯಾಂಗ್ಡನ್ ಡೌನ್ ಲಕ್ಷಣಗಳನ್ನು ವಿವರಿಸಿದರು, 1959ರಲ್ಲಿ ಜೆರೋಮ್ ಲೆಜೂನ್ ಕಾರಣವನ್ನು ಪತ್ತೆ ಹಚ್ಚಿದರು ಎಂದು ಹೇಳಿ, ಪುಸ್ತಕ ನೇರವಾಗಿ ತಾಯಿಯ ವಯಸ್ಸು ಮತ್ತು ವರ್ಣತಂತುಗಳು ಬೇರ್ಪಡದಿರುವ ಪ್ರಕ್ರಿಯೆಗೆ ಹೊರಳಿಕೊಳ್ಳುತ್ತದೆ. ಎರಡು ಹೆಸರುಗಳ ನಡುವಿನ ತೊಂಬತ್ತಮೂರು ವರ್ಷಗಳಲ್ಲಿ ಏನು ಅಡ್ಡಿಯಾಗಿತ್ತು, ಅದು ಹೇಗೆ ನಿವಾರಣೆಯಾಯಿತು ಎಂದು ಕೇಳುವ ವಿದ್ಯಾರ್ಥಿಗೆ ಪುಸ್ತಕದಲ್ಲಿ ಉತ್ತರವಿಲ್ಲ. ಆ ಉತ್ತರದ ದೊಡ್ಡ ಭಾಗ ಒಬ್ಬ ಮಕ್ಕಳ ವೈದ್ಯೆಯ ಕೈಕೆಲಸದಲ್ಲಿದೆ.

ಮಾರ್ಥ್ ಗೋಟಿಯೇ ಹುಟ್ಟಿದ್ದು 1925ರ ಸೆಪ್ಟೆಂಬರ್ 10ರಂದು, ಪ್ಯಾರಿಸ್ಸಿನ ಪೂರ್ವಕ್ಕಿರುವ ಸೇನ್-ಎ-ಮಾರ್ನ್ ಪ್ರಾಂತ್ಯದ ಮೋಂಟೆನೀಲ್ ಎಂಬ ಹಳ್ಳಿಯಲ್ಲಿ, ಒಕ್ಕಲು ಮನೆತನದ ಏಳು ಮಕ್ಕಳಲ್ಲಿ ಐದನೆಯವರಾಗಿ. 1942ರಲ್ಲಿ, ಜರ್ಮನ್ ಸೇನೆಯ ವಶದಲ್ಲಿದ್ದ ಪ್ಯಾರಿಸ್ಸಿಗೆ, ಅಲ್ಲಿ ವೈದ್ಯಕೀಯ ಓದುತ್ತಿದ್ದ ಅಕ್ಕ ಪೋಲೆಟ್ ಬಳಿಗೆ ಬಂದು ತಾವೂ ಅದೇ ಓದಿಗೆ ಸೇರಿದರು. ಎರಡು ವರ್ಷಗಳ ನಂತರ, ಜರ್ಮನ್ ಪಡೆಗಳು ಹಿಮ್ಮೆಟ್ಟುತ್ತಿದ್ದ ದಿನಗಳಲ್ಲಿ, ಆ ಅಕ್ಕ ಕೊಲೆಯಾದರು. ಹೆಣ್ಣಾಗಿ ಹುಟ್ಟಿ, ದೊಡ್ಡ ವೈದ್ಯರ ಮನೆತನದ ಆಸರೆಯೂ ಇಲ್ಲದವರು ಗೆಲ್ಲಬೇಕಾದರೆ ಇತರರ ಎರಡರಷ್ಟು ದುಡಿಯಬೇಕೆಂದು ಅಕ್ಕ ಹೇಳಿದ್ದನ್ನು ಗೋಟಿಯೇ ತಮ್ಮ ಬರಹದಲ್ಲಿ ನೆನೆಯುತ್ತಾರೆ. ಪ್ಯಾರಿಸ್ ಆಸ್ಪತ್ರೆಗಳ ಇಂಟರ್ನ್ ಹುದ್ದೆಯ ಕಠಿಣ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾದ ವರ್ಷ ಆ ಪಟ್ಟಿಯಲ್ಲಿದ್ದ ಮಹಿಳೆಯರು ಇಬ್ಬರೇ. 1955ರಲ್ಲಿ, ಫ್ರಾನ್ಸಿನ ಮಕ್ಕಳ ವೈದ್ಯಶಾಸ್ತ್ರದ ಹಿರಿಯರಾಗಿದ್ದ ರಾಬರ್ಟ್ ಡೆಬ್ರೆ ಅವರ ಮಾರ್ಗದರ್ಶನದಲ್ಲಿ, ರುಮ್ಯಾಟಿಕ್ ಜ್ವರದಿಂದ ಮಕ್ಕಳ ಹೃದಯಕ್ಕೆ ಒದಗುವ ಮಾರಕ ಹಾನಿಯ ಬಗ್ಗೆ ಪ್ರಬಂಧ ಬರೆದರು. ಡೆಬ್ರೆ ಅವರೇ ಸೂಚಿಸಿದಂತೆ ಅದೇ ವರ್ಷ ವಿದ್ಯಾರ್ಥಿವೇತನ ಪಡೆದು, ಮಕ್ಕಳ ಹೃದ್ರೋಗ ಚಿಕಿತ್ಸೆ ಕಲಿಯಲು ಅಮೆರಿಕದ ಹಾರ್ವರ್ಡಿಗೆ ಹೋದರು.

ಇಲ್ಲಿಯವರೆಗಿನ ಕಥೆಯಲ್ಲಿ ತಳಿವಿಜ್ಞಾನ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಬೇಕು. ಅದು ಬಂದದ್ದು ಹಿಂಬಾಗಿಲಿನಿಂದ. ಬಾಸ್ಟನ್ನಿನಲ್ಲಿ ಹೃದ್ರೋಗದ ತರಬೇತಿಯ ಜೊತೆಗೆ ಅವರಿಗೆ ಒಪ್ಪಿಸಿದ್ದ ಇನ್ನೊಂದು ಕೆಲಸವೆಂದರೆ ಜೀವಕೋಶ ಕೃಷಿಯ ಪ್ರಯೋಗಾಲಯವೊಂದರಲ್ಲಿ ಅರೆಕಾಲಿಕ ತಂತ್ರಜ್ಞೆಯಾಗಿ ದುಡಿಯುವುದು. ವೈದ್ಯೆಯೊಬ್ಬರು ಗಾಜಿನ ಬುರುಡೆಗಳಲ್ಲಿ ಕೋಶ ಬೆಳೆಸುತ್ತ ಕೂರುವುದನ್ನು ಆಗ ಯಾರೂ ದೊಡ್ಡ ವಿದ್ಯೆಯೆಂದು ಎಣಿಸಿರಲಾರರು. ಮರುವರ್ಷ ಊರಿಗೆ ಮರಳಿದಾಗ ತಮಗೆ ದೊರೆಯಬೇಕಾಗಿದ್ದ ಹೃದ್ರೋಗ ವಿಭಾಗದ ಹುದ್ದೆ ಬೇರೊಬ್ಬರ ಪಾಲಾಗಿತ್ತು. ಖಾಲಿ ಇದ್ದದ್ದು ಪ್ಯಾರಿಸ್ಸಿನ ಟ್ರೂಸೋ ಆಸ್ಪತ್ರೆಯಲ್ಲಿ, ರೇಮಂಡ್ ಟರ್ಪಿನ್ ಅವರ ವಿಭಾಗದಲ್ಲಿ. ಟರ್ಪಿನ್ ಅವರ ಆಸಕ್ತಿ ಹುಟ್ಟಿನಿಂದಲೇ ಬರುವ ಹಲವು ಅಂಗಗಳ ನ್ಯೂನತೆಗಳಲ್ಲಿತ್ತು. ಡೌನ್ ಸಿಂಡ್ರೋಮ್‌ನ ಮೂಲ ವರ್ಣತಂತುಗಳಲ್ಲಿ ಇರಬಹುದು ಎಂಬ ಊಹೆಯನ್ನು ಅವರು 1930ರ ದಶಕದಲ್ಲೇ ಮುಂದಿಟ್ಟಿದ್ದರು.

ಊಹೆಯಿತ್ತು, ಎಣಿಸುವ ದಾರಿಯಿರಲಿಲ್ಲ. ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವುದು ಕೋಶ ವಿಭಜನೆಯಾಗುವ ಹೊತ್ತಿನಲ್ಲಿ ಮಾತ್ರ. ಆಗಲೂ ಅವು ಒಂದರ ಮೇಲೊಂದು ಬಿದ್ದು ಗೋಜಲಾಗಿರುತ್ತವೆ. ಮನುಷ್ಯನಲ್ಲಿ 48 ವರ್ಣತಂತುಗಳಿವೆಯೆಂದು ದಶಕಗಳ ಕಾಲ ಪುಸ್ತಕಗಳು ಹೇಳಿಕೊಂಡು ಬಂದದ್ದು ಈ ಗೋಜಲಿನಿಂದಲೇ. (ಪಠ್ಯಪುಸ್ತಕದ ಸಂಖ್ಯೆಯನ್ನು ಕಣ್ಣಿಗೆ ಕಂಡ ಸಂಖ್ಯೆಗಿಂತ ಹೆಚ್ಚು ನಂಬುವ ಅಭ್ಯಾಸ ನಮ್ಮಲ್ಲಿ ಹಳೆಯದು.) 1956ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಟಿಯೋ ಮತ್ತು ಆಲ್ಬರ್ಟ್ ಲೆವಾನ್ ಅವರು ಕೃಷಿ ಮಾಡಿದ ಕೋಶಗಳನ್ನು ಚೆನ್ನಾಗಿ ಹರಡಿ ಎಣಿಸಿ, ಸಂಖ್ಯೆ 46 ಎಂದು ತೋರಿಸಿದರು. ಆ ಸುದ್ದಿ ತಲುಪಿದಾಗ, ಎಣಿಸಿ ನೋಡಲು ತಮ್ಮಲ್ಲಿ ಕೋಶ ಕೃಷಿಯ ಪ್ರಯೋಗಾಲಯವೇ ಇಲ್ಲವಲ್ಲ ಎಂದು ಟರ್ಪಿನ್ ಪೇಚಾಡಿದರು. ಒಂದು ಕೋಣೆ ಕೊಟ್ಟರೆ ತಾನು ಮಾಡಬಲ್ಲೆ ಎಂದವರು ಗೋಟಿಯೇ.

ಕೊಟ್ಟದ್ದು ಕೋಣೆ, ಒಂದು ಫ್ರಿಜ್, ಒಂದು ಸೆಂಟ್ರಿಫ್ಯೂಜ್, ಮಂಕಾದ ಒಂದು ಸೂಕ್ಷ್ಮದರ್ಶಕ. ಹಣ ಕೊಡಲಿಲ್ಲ. ಗಾಜಿನ ಸಾಮಾನು ಕೊಳ್ಳಲು ಅವರು ತಮ್ಮ ಹೆಸರಿನಲ್ಲೇ ಸಾಲ ಮಾಡಿದರು. ಕೋಶಗಳು ಅಂಟಿಕೊಂಡು ಬೆಳೆಯಲು ಬೇಕಾದ ಪ್ಲಾಸ್ಮಾಕ್ಕಾಗಿ ಒಂದು ಹುಂಜವನ್ನು ತಂದು ಸಾಕಿದರು; ಬೆಳವಣಿಗೆಗೆ ಪೋಷಣೆಯಾಗಿ, ಕಾವು ಕೊಟ್ಟ ಮೊಟ್ಟೆಗಳಲ್ಲಿನ ಕೋಳಿ ಭ್ರೂಣಗಳಿಂದ ಸಾರ ತೆಗೆದರು; ಮಾನವ ಸೀರಮ್ ಬೇಕಾದಾಗ ತಮ್ಮ ತೋಳಿನ ರಕ್ತವನ್ನೇ ಬಳಸಿದರು. ಇವತ್ತು ಬಾಟಲಿಯಲ್ಲಿ ಸಿದ್ಧವಾಗಿ ಬರುವ ಪ್ರತಿಯೊಂದು ದ್ರವವನ್ನೂ ಅವರು ಕೈಯಾರೆ ಮಾಡಿಕೊಳ್ಳಬೇಕಾಗಿತ್ತು, ಒಂದು ಹನಿಯಲ್ಲಿ ಸೋಂಕು ಹೊಕ್ಕರೆ ವಾರಗಳ ಬೆಳೆ ಹಾಳಾಗುತ್ತಿತ್ತು ಎಂಬುದನ್ನು ಪ್ರಯೋಗಾಲಯದಲ್ಲಿ ನಿಂತು ಕೆಲಸ ಮಾಡಿದವರಿಗೆ ವಿವರಿಸಬೇಕಿಲ್ಲ. ಶಸ್ತ್ರಚಿಕಿತ್ಸೆಯ ವೇಳೆ ದೊರೆತ ಸಂಯೋಜಕ ಅಂಗಾಂಶದ ಚೂರುಗಳನ್ನು ಬೆಳೆಸಿ, ಕಡಿಮೆ ಲವಣಾಂಶದ ದ್ರವದಲ್ಲಿ ಕೋಶಗಳನ್ನು ಉಬ್ಬಿಸಿ, ಸ್ಲೈಡಿನ ಮೇಲೆ ಒಣಗಿಸಿ ವರ್ಣತಂತುಗಳು ಚದುರಿ ನಿಲ್ಲುವಂತೆ ಮಾಡುವ ಕ್ರಮವನ್ನು ಅವರು ಹದಗೊಳಿಸಿದರು. ಮೊದಲು ಡೌನ್ ಸಿಂಡ್ರೋಮ್ ಇಲ್ಲದ ಮಕ್ಕಳ ಕೋಶಗಳನ್ನು ಎಣಿಸಿದರು. ಪ್ರತಿಸಲವೂ 46 ಬಂದಿತು. ತಮ್ಮ ಕೈಯ ಮೇಲೆ ತಮಗೆ ನಂಬಿಕೆ ಬರುವವರೆಗೂ ಅವರು ರೋಗಿಯ ಅಂಗಾಂಶವನ್ನು ಮುಟ್ಟಲಿಲ್ಲ. ನಿಯಂತ್ರಣ ಪ್ರಯೋಗವೆಂದರೇನು ಎಂದು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ; ಆದರೆ ಈ ಉದಾಹರಣೆ ಯಾವ ಅಧ್ಯಾಯದಲ್ಲೂ ನನಗೆ ಸಿಕ್ಕಿಲ್ಲ.

1958ರ ಮೇ ತಿಂಗಳಲ್ಲಿ, ಡೌನ್ ಸಿಂಡ್ರೋಮ್ ಇದ್ದ ಹುಡುಗನೊಬ್ಬನ ಅಂಗಾಂಶ ಅವರ ಕೈಗೆ ಬಂದಿತು. ಕೋಶಗಳಲ್ಲಿ ಒಂದು ಪುಟ್ಟ ವರ್ಣತಂತು ಹೆಚ್ಚಿಗೆ ಇತ್ತು. ಒಟ್ಟು 47.

ಮುಂದೆ ನಡೆದದ್ದೇ ವಿವಾದದ ವಿಷಯವಾದ್ದರಿಂದ ಯಾರ ಮಾತು ಯಾವುದೆಂದು ಬೇರ್ಪಡಿಸಿಯೇ ಹೇಳುತ್ತೇನೆ. ಗೋಟಿಯೇ ಅವರ ಪ್ರಕಾರ, ಸೂಕ್ಷ್ಮದರ್ಶಕದಲ್ಲಿ ಕಂಡದ್ದರ ಛಾಯಾಚಿತ್ರ ತೆಗೆಯುವ ಸೌಲಭ್ಯ ಅವರ ಕೋಣೆಯಲ್ಲಿರಲಿಲ್ಲ. ಟರ್ಪಿನ್ ಅವರ ಜೊತೆಗಿದ್ದ ಯುವ ಸಂಶೋಧಕ ಜೆರೋಮ್ ಲೆಜೂನ್ ಅವರು ಬೇರೆಡೆ ಚಿತ್ರ ತೆಗೆಸಿಕೊಡುವುದಾಗಿ ಸ್ಲೈಡುಗಳನ್ನು ಒಯ್ದರು. ಆ ಚಿತ್ರಗಳನ್ನು ಗೋಟಿಯೇ ಅವರಿಗೆ ತೋರಿಸಲೇ ಇಲ್ಲ. ಅದೇ ವರ್ಷ ಕೆನಡಾದ ಮಾಂಟ್ರಿಯಲ್‌ನಲ್ಲಿ ತಳಿವಿಜ್ಞಾನದ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಲೆಜೂನ್ ಅದನ್ನು ತಮ್ಮ ಪತ್ತೆಯೆಂಬಂತೆ ಹೇಳಿಕೊಂಡರು. ಪ್ರಕಟಣೆಯ ಸುದ್ದಿ ಗೋಟಿಯೇ ಅವರಿಗೆ ತಿಳಿದದ್ದು ಅದು ಅಕಾಡೆಮಿಗೆ ಸಲ್ಲಿಕೆಯಾಗುವ ಹೊಸ್ತಿಲಲ್ಲಿ. ಲೆಜೂನ್ ಅವರ ಹೆಸರಿನ ಪ್ರತಿಷ್ಠಾನ ಇದನ್ನು ಒಪ್ಪುವುದಿಲ್ಲ. ಲೆಜೂನ್ ಅವರ ಪ್ರಯೋಗದ ಟಿಪ್ಪಣಿ ಪುಸ್ತಕ ಹಾಗೂ ಪತ್ರಗಳನ್ನು ಮುಂದಿಟ್ಟು, 47ನ್ನು ಎಣಿಸಿ ಅರ್ಥೈಸಿದವರು ಅವರೇ ಎಂದು ಅದು ವಾದಿಸುತ್ತದೆ. ವಿವಾದವಿಲ್ಲದ ಸಂಗತಿಯೆಂದರೆ, 1959ರ ಜನವರಿ 26ರಂದು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ ಲೇಖನದಲ್ಲಿ ಲೆಜೂನ್ ಮೊದಲನೆಯವರು, ಟರ್ಪಿನ್ ಕೊನೆಯವರು. ನಡುವೆ ಇದ್ದ ಗೋಟಿಯೇ ಅವರ ಹೆಸರಿನಲ್ಲಿ ಇಲ್ಲದ ಒಂದು ಅಕ್ಷರ ಸೇರಿ ಕಾಗುಣಿತವೇ ತಪ್ಪಾಗಿತ್ತು. ಆ ಲೇಖನದ ಶೀರ್ಷಿಕೆ ‘ಅಂಗಾಂಶ ಕೃಷಿಯಲ್ಲಿ ಮಾನವ ವರ್ಣತಂತುಗಳು’ ಎಂದು. ಅಂಗಾಂಶ ಕೃಷಿ ಮಾಡಿದವರ ಹೆಸರನ್ನೇ ತಪ್ಪಾಗಿ ಮುದ್ರಿಸಿದ ಲೇಖನದ ಶೀರ್ಷಿಕೆ ಅದು.

ನಂತರದ ವರ್ಷಗಳಲ್ಲಿ ಲೆಜೂನ್ ಅವರಿಗೆ ಕೆನಡಿ ಪ್ರಶಸ್ತಿ ಬಂದಿತು, ವಿಲಿಯಂ ಅಲನ್ ಪ್ರಶಸ್ತಿ ಬಂದಿತು, ಪ್ಯಾರಿಸ್ಸಿನಲ್ಲಿ ಪ್ರಾಧ್ಯಾಪಕ ಪೀಠ ದೊರೆಯಿತು. ಅವರು ಅಸಮರ್ಥರಾಗಿದ್ದರೆಂದು ನಾನು ಹೇಳುತ್ತಿಲ್ಲ. 5ನೆಯ ವರ್ಣತಂತುವಿನ ತುಣುಕೊಂದು ಇಲ್ಲದಿದ್ದರೆ ಮಗುವಿನ ಅಳು ಬೆಕ್ಕಿನ ಕೂಗಿನಂತೆ ಕೇಳುವ ಸ್ಥಿತಿ ಉಂಟಾಗುತ್ತದೆಂದು 1963ರಲ್ಲಿ ತೋರಿಸಿದ ತಂಡದ ಮುಖ್ಯಸ್ಥರು ಅವರೇ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಆರೈಕೆಗೆ ತಮ್ಮ ಬಾಳನ್ನೇ ತೊಡಗಿಸಿದರು. 1994ರಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ಅಳಿಸಿ ಎಂದು ಈ ಪತ್ರದಲ್ಲಿ ಎಲ್ಲಿಯೂ ನಾನು ಕೇಳುತ್ತಿಲ್ಲ, ಕೇಳುವುದೂ ಇಲ್ಲ.

ಗೋಟಿಯೇ ಆ ಕೆಲಸವನ್ನು ಬಿಟ್ಟು ಮತ್ತೆ ಮಕ್ಕಳ ವೈದ್ಯಕೀಯಕ್ಕೆ ಮರಳಿದರು. ಅವರನ್ನು ಅನ್ಯಾಯಕ್ಕೆ ಒಳಗಾದವರೆಂದು ಮಾತ್ರ ನೆನೆಯುವವರಿಗೆ ಇದರ ನಂತರದ ದುಡಿಮೆ ಕಾಣುವುದೇ ಇಲ್ಲ. ಮಕ್ಕಳ ಯಕೃತ್ತಿನ ತಜ್ಞ ಡ್ಯಾನಿಯಲ್ ಅಲಾಜೀಲ್ ಅವರ ಕೋರಿಕೆಯಂತೆ ಬಿಸೆತ್ರ್ ಆಸ್ಪತ್ರೆಯಲ್ಲಿ ಮಕ್ಕಳ ಯಕೃತ್ತಿನ ಕಾಯಿಲೆಗಳ ಅಂಗಾಂಶ ಪರೀಕ್ಷೆಯ ವಿಭಾಗವನ್ನು ಕಟ್ಟಿ ನಡೆಸಿದರು. ಫ್ರಾನ್ಸಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಾದ ಇನ್ಸರ್ಮ್‌ನಲ್ಲಿ ಸಂಶೋಧನಾ ನಿರ್ದೇಶಕಿಯಾದರು. ಟ್ರೈಸೋಮಿಯ ಬಗ್ಗೆ ಸಾರ್ವಜನಿಕವಾಗಿ ಬಾಯಿ ತೆರೆದದ್ದು ಎಂಬತ್ತರ ಗಡಿ ದಾಟಿದ ಮೇಲೆ, ನಾನು ಆರಂಭದಲ್ಲಿ ಹೇಳಿದ ಆ ಬರಹದಲ್ಲಿ.

ಬಾಯಿ ತೆರೆದದ್ದಕ್ಕೆ ಏನಾಯಿತೆಂಬುದೂ ದಾಖಲಾಗಿದೆ. 2014ರ ಜನವರಿ 31ರಂದು ಬೋರ್ಡೋ ನಗರದಲ್ಲಿ ಫ್ರಾನ್ಸಿನ ಮಾನವ ತಳಿವಿಜ್ಞಾನಿಗಳ ಒಕ್ಕೂಟ ಅವರಿಗೆ ಪ್ರಶಸ್ತಿ ನೀಡಬೇಕಿತ್ತು, ಅವರು ಪತ್ತೆಯ ಕುರಿತು ಮಾತನಾಡಬೇಕಿತ್ತು. ಲೆಜೂನ್ ಪ್ರತಿಷ್ಠಾನವು ನ್ಯಾಯಾಲಯದ ಅನುಮತಿ ಪಡೆದು, ಆ ಭಾಷಣವನ್ನು ಚಿತ್ರೀಕರಿಸಿಕೊಳ್ಳಲು ಕೋರ್ಟಿನ ಅಮೀನರನ್ನು ಕಳುಹಿಸಿತು. ಸಂಘಟಕರು ಹೆದರಿ ಕಾರ್ಯಕ್ರಮವನ್ನೇ ಕೈಬಿಟ್ಟರು. ಎಂಬತ್ತೆಂಟು ವರ್ಷದ ವೈದ್ಯೆಗೆ ಪದಕವನ್ನು ಸಭೆಯ ಕಣ್ಣಿಗೆ ಬೀಳದಂತೆ ಖಾಸಗಿಯಾಗಿ ಕೊಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇನ್ಸರ್ಮ್‌ನ ನೀತಿ ಸಮಿತಿ ತನ್ನ ಅಭಿಪ್ರಾಯವನ್ನು ಪ್ರಕಟಿಸಿತು. ಪತ್ತೆಗೆ ಕೋಶ ಕೃಷಿಯ ತಂತ್ರ ಅಗತ್ಯವಾಗಿತ್ತು, ಅದರಲ್ಲಿ ಗೋಟಿಯೇ ಅವರ ಪಾತ್ರ ನಿರ್ಣಾಯಕ. ಟರ್ಪಿನ್ ಮತ್ತು ಗೋಟಿಯೇ ಅವರ ಕೊಡುಗೆಯಿಲ್ಲದೆ ಈ ಪತ್ತೆ ಸಾಧ್ಯವಾಗುತ್ತಿರಲಿಲ್ಲ. ಗೌರವಗಳಲ್ಲೂ ಪ್ರಚಾರದಲ್ಲೂ ಅವರ ಹೆಸರುಗಳನ್ನು ಜೊತೆಗೂಡಿಸದಿದ್ದದ್ದು ವಿಷಾದನೀಯ ಎಂಬುದು ಅದರ ತಿರುಳು. ಪತ್ತೆಯ ಫಲಕ್ಕೆ ಮನ್ನಣೆ ದೊರಕಿಸಿದ್ದರಲ್ಲಿ ಲೆಜೂನ್ ಅವರ ಪಾಲನ್ನೂ ಸಮಿತಿ ಅಲ್ಲಗಳೆಯಲಿಲ್ಲ. ಅದೇ ವರ್ಷ ಗೋಟಿಯೇ ಅವರಿಗೆ ಫ್ರಾನ್ಸಿನ ಉನ್ನತ ಪುರಸ್ಕಾರವಾದ ಲೀಜನ್ ಆಫ್ ಆನರ್ ಗೌರವವೂ ಬಂದಿತು. 2022ರ ಏಪ್ರಿಲ್ 30ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಮಾನ್ಯರೇ, ಇಷ್ಟು ದಾಖಲೆ ಕಣ್ಣ ಮುಂದಿರುವಾಗಲೂ ಆ ಹಳೆಯ ವಾಕ್ಯ ಮುದ್ರಣದಿಂದ ಮುದ್ರಣಕ್ಕೆ ಅಕ್ಷರ ಬದಲಾಗದೆ ಸಾಗಿ ಬರುತ್ತಿರುವುದೇ ನನ್ನ ದೂರು. ಹಿಂದಿನವರು ಬರೆದದ್ದನ್ನು ನಾವು ಬರೆದೆವು ಎಂಬ ಉತ್ತರವನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಏಕೆಂದರೆ ನಾನೂ ಹಾಗೆಯೇ ಕಲಿಸಿದವನು. ಒಂದು ಪತ್ತೆಗೆ ಒಂದೇ ಹೆಸರು ಇದ್ದರೆ ನೆನಪಿಡಲು ಸುಲಭ, ಒಂದಂಕದ ಪ್ರಶ್ನೆ ಕೇಳಲೂ ಸುಲಭ. ಆದರೆ ಈ ಸುಲಭಕ್ಕೆ ತೆರುವ ಬೆಲೆ ಹೆಸರಿನಲ್ಲಿ ಮಾತ್ರ ಇಲ್ಲ. ಕೋಶ ಬೆಳೆಸುವುದು, ಸ್ಲೈಡು ಹದ ಮಾಡುವುದು ತಂತ್ರಜ್ಞರ ಕೆಲಸ, ನೋಡಿ ಹೆಸರಿಡುವುದು ಮಾತ್ರ ವಿಜ್ಞಾನಿಯ ಕೆಲಸ ಎಂಬ ಭಾವನೆಯನ್ನು ನಾವು ಹದಿನೆಂಟರ ಮಕ್ಕಳ ತಲೆಯಲ್ಲಿ ಬಿತ್ತುತ್ತಿದ್ದೇವೆ. 1959ರ ಆ ಲೇಖನದ ವಿಷಯದಲ್ಲಿ ಇದು ನೇರವಾಗಿ ಸುಳ್ಳು. ಊಹೆ ಎರಡು ದಶಕಗಳಿಂದ ಇತ್ತು. ತಡೆಹಿಡಿದದ್ದು ತಂತ್ರದ ಕೊರತೆ. ಆ ಕೊರತೆಯನ್ನು ನೀಗಿಸಿದವರು ಅಮೆರಿಕದಲ್ಲಿ ಅರೆಕಾಲಿಕವಾಗಿ ಅದನ್ನು ಕಲಿತು ಬಂದಿದ್ದ ವೈದ್ಯೆ.

ವಿವಾದವಿರುವುದರಿಂದ ಪಠ್ಯಪುಸ್ತಕ ಪಕ್ಷ ವಹಿಸಬಾರದು ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಆ ಮಾತನ್ನು ಗೌರವಿಸುತ್ತಲೇ ಕೇಳುತ್ತೇನೆ: ಮೂವರು ಸಹಿ ಮಾಡಿದ ಲೇಖನದಲ್ಲಿ ಒಬ್ಬರ ಹೆಸರನ್ನಷ್ಟೇ ಉಳಿಸಿಕೊಂಡ ಈಗಿನ ವಾಕ್ಯ ಯಾವ ಪಕ್ಷವನ್ನೂ ವಹಿಸಿಲ್ಲವೇ? ಸ್ಲೈಡು ಕೈಬದಲಾದ ದಿನ ಯಾರು ಯಾರಿಗೆ ಏನೆಂದರು ಎಂಬುದನ್ನು ನೀವು ತೀರ್ಮಾನಿಸಬೇಕಿಲ್ಲ. ಎಲ್ಲರೂ ಒಪ್ಪಿರುವಷ್ಟನ್ನು ಬರೆದರೂ ಸಾಕಾಗುತ್ತದೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಮುಂದಿನ ಪರಿಷ್ಕರಣೆಯಲ್ಲಿ ಆ ವಾಕ್ಯವನ್ನು, ‘ಟರ್ಪಿನ್ ಅವರ ವಿಭಾಗದಲ್ಲಿ ಮಾರ್ಥ್ ಗೋಟಿಯೇ ಸ್ಥಾಪಿಸಿದ ಕೋಶ ಕೃಷಿಯ ಪ್ರಯೋಗಾಲಯದಲ್ಲಿ 1958ರಲ್ಲಿ 47 ವರ್ಣತಂತುಗಳು ಕಂಡುಬಂದವು, ಲೆಜೂನ್, ಗೋಟಿಯೇ ಮತ್ತು ಟರ್ಪಿನ್ ಇದನ್ನು 1959ರಲ್ಲಿ ಪ್ರಕಟಿಸಿದರು’ ಎಂದು ತಿದ್ದಿ. ಇದಕ್ಕೆ ಹೆಚ್ಚೆಂದರೆ ಎರಡು ಸಾಲಿನ ಜಾಗ ಬೇಕು. ಜಾಗವಿದ್ದಲ್ಲಿ, ಆ ಕೃಷಿ ಹೇಗೆ ನಡೆಯಿತೆಂಬುದನ್ನು ಒಂದು ಚಿಕ್ಕ ಪ್ಯಾರಾದಲ್ಲಿ ಹೇಳಿ. 46ನ್ನು ಖಚಿತಪಡಿಸಿಕೊಂಡ ನಂತರವೇ 47ನ್ನು ನಂಬಿದ ಕ್ರಮವನ್ನು ವಿದ್ಯಾರ್ಥಿಗಳು ಓದಲಿ. ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ನನ್ನ ಕೋರಿಕೆ ಇನ್ನೂ ಸಣ್ಣದು: ಮೂರೂ ಹೆಸರು ಬರೆದವರ ಅಂಕ ಕಳೆಯಬಾರದೆಂದು ಮಾದರಿ ಉತ್ತರದಲ್ಲಿ ಸ್ಪಷ್ಟವಾಗಿ ನಮೂದಿಸಿ. ಮೌಲ್ಯಮಾಪನದ ಕೋಣೆಯಲ್ಲಿ ಕೂತ ಉಪನ್ಯಾಸಕನಿಗೆ ಆ ಹಾಳೆಯನ್ನು ಮೀರುವ ಧೈರ್ಯ ಸಾಮಾನ್ಯವಾಗಿ ಇರುವುದಿಲ್ಲ. ನನಗೆ ಇರಲಿಲ್ಲ.

ಕಡೆಯದಾಗಿ, ಹೆಸರು ಸೇರಿಸುವಾಗ ದಯವಿಟ್ಟು ಕರಡನ್ನು ಎರಡು ಸಲ ತಿದ್ದಿ ನೋಡಿ. 1959ರ ಲೇಖನವನ್ನು ಉಲ್ಲೇಖಿಸುವವರು ಇಂದಿಗೂ ಅದೇ ತಪ್ಪು ಕಾಗುಣಿತವನ್ನು ನಕಲು ಮಾಡುತ್ತಿದ್ದಾರೆ.

ಇಂತಿ,
ತಮ್ಮ ವಿಶ್ವಾಸಿ,
ಜೀವವಿಜ್ಞಾನದ ಒಬ್ಬ ನಿವೃತ್ತ ಉಪನ್ಯಾಸಕ